ಬಲತೋಳು

ಇಲ್ಲಿ ಚಳಿಗಾಲ ಮೂಟೆಯಲ್ಲಿ ಬರುತ್ತದೆ,
ಗುರುವಾರ ಬೆಳಗಿನ ಜಾವ, ಸನಾತುವಿನ ತಲೆಯ ಮೇಲೆ.
ಐವತ್ತೈದು ಕಿಲೋ. ಪಟ್ಟಿ ಬಿಗಿದು, ಉಸಿರು ಕಟ್ಟಿ.
ಅಕ್ರಾದ ಕಂಟಮಾಂಟೊ ಸಂತೆಯಲ್ಲಿ ಹಿಮ ಕಂಡವರಿಲ್ಲ;
ಹಿಮಕ್ಕೆಂದು ಹೊಲಿದದ್ದನ್ನು ಮಾತ್ರ
ಮೊಣಕಾಲುದ್ದ ರಾಶಿಯಲ್ಲಿ ನಿಂತು ಕಂಡಿದ್ದೇವೆ.

ನನ್ನದು ಇಸ್ತ್ರಿ ಕೆಲಸ. ಕೆಂಡ ಊದುತ್ತೇನೆ,
ಯಾರದೋ ಮೊಣಕೈಯ ನೆನಪನ್ನು ನೆಟ್ಟಗೆ ಮಾಡುತ್ತೇನೆ.
ಕತ್ತರಿ ಆಂಟಿ ಎನ್ಯೋನಾಮಳದು. ವಯಸ್ಸು ಅರವತ್ತೆರಡು,
ಬಾಯಲ್ಲಿ ಸದಾ ಎರಡು ಗುಂಡುಸೂಜಿ,
ಅದರ ಸಂದಿಯಿಂದಲೇ ಬೈಗುಳ, ಅದರ ಸಂದಿಯಿಂದಲೇ ನಗು.

ಪಟ್ಟಿ ಕತ್ತರಿಸಿದ ಕೂಡಲೇ ಮೂಸುತ್ತಾಳೆ,
ಮೀನಿನ ಕಿವಿರು ಬಿಡಿಸುವಂತೆ ಕಾಲರು ಬಿಡಿಸಿ ನೋಡುತ್ತಾಳೆ.
"ಅಲ್ಲಿ ಒಂಟೆಬಣ್ಣ ಸತ್ತಿತು ಕಣೇ.
ಹೋದ ವರ್ಷ ಇದಕ್ಕೇ ಪ್ರಾಣ ಬಿಡುತ್ತಿದ್ದರು.
ಬಿಗಿ ಪ್ಯಾಂಟೂ ಹೋಯಿತು. ಕಾಲುಗಳಿಗೆ ಬಿಡುಗಡೆ."
ಮ್ಯಾಗಜೀನು ನೋಡುವವರಿಗೆ ಹುಟ್ಟಿದ್ದು ಗೊತ್ತಾಗುತ್ತದೆ;
ಇವಳಿಗೆ, ಸತ್ತದ್ದು.
ಸೂತಕದ ಮನೆಯ ಜಗಲಿಯಲ್ಲಿ ಕೂತು
ಬರಲಿರುವ ಸೊಸೆಯ ರೂಪು ಹೇಳುವವಳ ಹಾಗೆ
ಆ ಕಡೆಯ ವಸಂತದ ಬಣ್ಣ ಹೇಳುತ್ತಾಳೆ.
ಎಷ್ಟೋ ಸಲ ತಪ್ಪು. ಸರಿಯಾದಾಗ ಮಾತ್ರ ವಾರವಿಡೀ ಅದೇ ಮಾತು.
ಸನಾತುವಿಗೆ ಯಾವ ಬಣ್ಣ ಸತ್ತರೂ ತೂಕ ಒಂದೇ.

ನಮ್ಮಲ್ಲಿರುವುದು ಎರಡೇ ಕಾಲ:
ಚರಂಡಿ ಉಕ್ಕುವುದು, ತುಟಿ ಒಡೆಯುವುದು.
ಎಲೆ ಉದುರುವ ಕಾಲವೆಂದರೆ ನನಗೆ
ಇಪ್ಪತ್ತು ಸೆಡಿಗೊಂದು ಕಂದು ಸ್ವೆಟರು.

ಜನವರಿಯ ಧೂಳಿನಲ್ಲಿ ಒಂದು ಕಿತ್ತಳೆ ಕೋಟು ಬಂತು.
ಹಿಮದ ಮೇಲೆ ಜಾರಾಡುವವರದು. ಹತ್ತಿ ತುಂಬಿದ ತೋಳು,
ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನಂತೆ ಉಬ್ಬಿ.
ಜೇಬಿನಲ್ಲಿ ಟ್ರಾಮಿನ ಚೀಟಿ, ಓದಲಾಗದ ಅಕ್ಷರ,
ಒಂದು ಮೂಲೆ ಹಲ್ಲಿನಿಂದ ಕಚ್ಚಿದ್ದು.
"ಕಾದಿದ್ದಾಳೆ, ಪಾಪ," ಎಂದಳು ಆಂಟಿ.
ಕೊಳ್ಳುವವರಿಲ್ಲ. ಈ ಸೆಖೆಯಲ್ಲಿ ಯಾರು ಕೊಂಡಾರು?

ಅದೇ ತಿಂಗಳು ಅವಳ ತಂಗಿಯ ಮಗನ ಮದುವೆ.
ಮನೆತನಕ್ಕೆಲ್ಲ ಒಂದೇ ಥಾನು: ನೀಲಿ, ಅದರ ತುಂಬ ಹಳದಿ ಗುಬ್ಬಿ.
ಅಕ್ಕ, ಅತ್ತಿಗೆಯರು, ಲೋಮೆಯಿಂದ ಬಂದ ಚಿಕ್ಕಮ್ಮ,
ಎಲ್ಲರದೂ ಸೊಂಟಕ್ಕೆ ಬಿಗಿದು
ಮೊಣಕಾಲಲ್ಲಿ ಅರಳುವ ಈ ವರ್ಷದ ಹೊಲಿಗೆ.
ಊರಿಗೆಲ್ಲ ಒಂದು ದಾರಿಯಾದರೆ
ಗುಂಡುಸೂಜಿ ಬಾಯವಳಿಗೆ ಇನ್ನೊಂದು.

ರಾತ್ರಿ ಟಾರ್ಚು ಹಿಡಿದವಳು ನಾನು.
ಕರ್ ಕರ್ ಎಂದು ಬಲತೋಳು ಕಳಚಿತು.
ಹತ್ತಿ ಹಾರಿತು. ಒಂದು ಗಳಿಗೆ
ಅಕ್ರಾದಲ್ಲಿ ಹಿಮ ಬಿತ್ತು.
"ಆಂಟಿ, ಒಂದೇ ತೋಳೆ?"
"ಎರಡಿಟ್ಟರೆ ಅದು ಕೋಟು. ಒಂದಿಟ್ಟರೆ ನಾನು."

ಚರ್ಚಿನ ಬಾಗಿಲಲ್ಲಿ ನೀಲಿ ಸಾಲು ಗಕ್ಕನೆ ನಿಂತಿತು,
ಗುಬ್ಬಿಗಳ ಹಿಂಡಿಗೆ ಗಿಡುಗ ಹೊಕ್ಕ ಹಾಗೆ.
ಹಿರಿಯಕ್ಕನ ಕೈಯ ಬೀಸಣಿಗೆ ಅಲ್ಲೇ ಉಳಿಯಿತು.
ಪಾದ್ರಿ ಕೆಮ್ಮಿ, ಪುಟ ತಪ್ಪಿದರು.
ಒಂದು ಮಗು ಬಂದು ತೋಳನ್ನು ಬೆರಳಿಂದ ಒತ್ತಿ,
ಅದು ಮತ್ತೆ ಉಬ್ಬಿದ್ದು ನೋಡಿ, ಮತ್ತೆ ಒತ್ತಿತು.
ಕಿತ್ತಳೆ ಅಂಚಿನಿಂದ ಬೆವರು ತೊಟ್ಟಿಕ್ಕುತ್ತಿತ್ತು.
ಇವಳು ಕಣ್ಣು ಮಿಟುಕಿಸಲಿಲ್ಲ.

"ಧೈರ್ಯವೇನು ಬಂತು ಮಣ್ಣು," ಎಂದಳು ಆಮೇಲೆ,
ತೋಳು ಹಿಂಡುತ್ತಾ. "ಬರೀ ಸೆಖೆ.
ತಡೆದುಕೊಂಡರೆ ಆಯಿತು."

ಎರಡು ವಾರ ಅಕ್ಕ ಮಾತಾಡಲಿಲ್ಲ.
ಮೂರನೆಯ ವಾರ ಅವಳ ಮಗಳು
ಅಂಗಡಿಯ ಹಿಂಬದಿಯಿಂದ ಬಂದಳು, ಅಳತೆ ಕೊಡಲು.

ಚೀಟಿಯನ್ನು ಆಂಟಿ ಬಿಸಾಡಲಿಲ್ಲ,
ಬಲತೋಳಿನ ಒಳಪದರಕ್ಕೆ ಹೊಲಿದಿದ್ದಾಳೆ.
ಎಡತೋಳು ನನ್ನ ಇಸ್ತ್ರಿ ಮೇಜಿನ ಮೇಲೆ, ಮೊಳೆಯಲ್ಲಿ.
ಯಾರೂ ಇಲ್ಲದಾಗ ಕೈ ತೂರಿಸುತ್ತೇನೆ,
ಬೆರಳು ಆಚೆ ಕಾಣುವಷ್ಟರಲ್ಲಿ ಎಳೆದುಕೊಳ್ಳುತ್ತೇನೆ.
ಕೆಂಡಕ್ಕೆ ಬೂದಿ ಮುಚ್ಚಿದೆ.
ನಾಳೆ ಗುರುವಾರ.