ಫಾಲಿನ ಒಳಮೈ

ಭಾಂಡೂಪಿನ ಮೇಲ್ಸೇತುವೆ ಇಳಿಯುವಾಗ
ಯಾರದೋ ಚಪ್ಪಲಿ ನನ್ನ ಸೀರೆಯಂಚು ತುಳಿದು
ಪರ್ರೆಂದಿತು ಫಾಲು, ಒಂದು ಗೇಣು.
ಏಳು ನಲವತ್ತೆಂಟರ ಲೋಕಲ್ ಹೋಗಿಯೇ ಬಿಟ್ಟಿತು.
ಬೆಂಚಿನ ಮೇಲೆ ಕೂತು ಪಿನ್ನು ಹುಡುಕುವಾಗ ಕಂಡೆ,
ಫಾಲಿನ ಒಳಮೈಯಲ್ಲಿ ಪೆನ್ಸಿಲಿನಲ್ಲಿ
ಕನ್ನಡ.

ಈ ಊರಲ್ಲಿ ಕನ್ನಡ ಎಲ್ಲೆಲ್ಲೋ ಸಿಗುತ್ತದೆ,
ಹೋಟೆಲಿನ ಒಳಮನೆಯಲ್ಲಿ, ಟ್ಯಾಕ್ಸಿಯವನ ಬೈಗುಳದಲ್ಲಿ.
ಆದರೆ ಮೊಣಕಾಲಿನ ಕೆಳಗೆ?

"ಮ್ಯಾಲಿನ ದಾರ ನಾನು. ತೆಳಗಿನ ದಾರ ನೀನು.
ನಡುವ ಸಿಕ್ಕೊಂಡೈತಿ ಊರು."

ಮುಂದಿನ ಗಾಡಿಯೂ ಹೋಯಿತು.

ಸಂಜೆ ನೀಲಗಂಗವ್ವನ ಗೂಡಿಗೆ ಹೋದೆ.
ಮೆಟ್ಟಿಲ ಕೆಳಗಿನ ಮೂರಡಿ ಜಾಗ,
ಒಂದು ಮಿಷಿನ್ನು, ಒಂದು ಬಲ್ಬು,
ಚೀಟಿ ಚುಚ್ಚಿಸಿಕೊಂಡು ತೂಗುವ ಸೀರೆಗಳು:
ಗಾವಡೆ, ಮೊಂತೇರೊ, ಅನ್ಸಾರಿ, ಮದುವೆ ಅರ್ಜೆಂಟ್.
"ಇದು ನೀವು ಬರೆದದ್ದಾ?"
ಹಲ್ಲಿನಲ್ಲಿ ದಾರ ಕಡಿದು ನಾಚಿಕೊಂಡಳು
ಕಳವು ಸಿಕ್ಕಿದವಳ ಹಾಗೆ, ಹೊಸ ಬಸುರಿಯ ಹಾಗೆ.

"ಎಲ್ಲಾ ಸೀರಿಗೂ ಇಲ್ರೀ. ಕೈ ಹೇಳಿದಾಗ ಅಷ್ಟ.
ಅತ್ತಿ ಪೂಜಾ ಮಾಡಾಕ ಬಿಡಲಿಲ್ಲ,
ಗಂಡ ಬರಿಯಾಕ ಬಿಡಲಿಲ್ಲ,
ಹಂಗಾಗಿ ಎರಡೂ ಕೂಡೇ ಮಾಡತೇನಿ."

ನೀನು ಅಂದರೆ ಯಾರು, ದೇವರಾ?
"ಏನೋ ಗೊತ್ತಿಲ್ರಿ.
ಸೂಜಿ ಒಳಗ ಹೋದಾಗ
ಆ ಕಡಿಯಿಂದ ಯಾರೋ ಹಿಡೀತಾರ, ಹಿಡದು ಬಿಡತಾರ.
ಇಲ್ಲಂದ್ರ ಹೊಲಿಗಿ ಹೆಂಗ ಕೂಡತಿತ್ತು?"

ಹೊಲಿದು ಮುಚ್ಚಿದ ಮೇಲೆ ತಾನೂ ಓದಿದವಳಲ್ಲ.
ಕೊನೆಯಲ್ಲಿ ಹೆಸರಿಲ್ಲ, ಅವನದೂ ಇಲ್ಲ, ತನ್ನದೂ ಇಲ್ಲ.
ಗಂಟು ಹಾಕುತ್ತಾಳೆ.

ಹಾಗಾದರೆ ಈ ಊರಲ್ಲಿ
ಕನ್ನಡದ ಗಂಧವಿಲ್ಲದ ಎಷ್ಟೋ ಹೆಂಗಸರು
ಅವಳ ಜಗಳವನ್ನು, ಮುದ್ದನ್ನು
ಹಿಮ್ಮಡಿಗೆ ತಾಗಿಸಿಕೊಂಡೇ ಓಡಾಡುತ್ತಿದ್ದಾರೆ,
ಕೋರ್ಟಿನ ಮೆಟ್ಟಿಲ ಮೇಲೆ, ಹೆರಿಗೆ ವಾರ್ಡಿನ ಹೊರಗೆ,
ಮೀನುಪೇಟೆಯ ಜಾರು ನೆಲದಲ್ಲಿ ಒಂದಿಷ್ಟು ಎತ್ತಿ ಹಿಡಿದು.

ಸಂಘದ ಸ್ಮರಣ ಸಂಚಿಕೆಗೆ ಕೊಡೋಣ ಎಂದೆ.
ನಕ್ಕಳು.
"ಆಮ್ಯಾಲೆ ತಲಿ ಮ್ಯಾಲೆ ಇಟಗೋತೀರಿ.
ಕಾಲಬುಡಕ ಇರಲಿ ಬಿಡ್ರಿ.
ಅಲ್ಲಿದ್ರ ಅದಕ್ಕೂ ನಡಿಯಾಕ ಬರತೈತಿ."
ಹರಿದದ್ದನ್ನು ಪುಕ್ಕಟೆ ಹೊಲಿದುಕೊಟ್ಟಳು.

ಮಳೆಗಾಲದ ಹೊತ್ತಿಗೆ ಆ ಮೆಟ್ಟಿಲ ಕೆಳಗೆ
ಮೊಬೈಲ್ ಕವರು ಮಾರುವ ಹುಡುಗ.
ಇಂಡಿಗೆ ಹೋದಳು ಎಂದರು ಒಬ್ಬರು,
ಇಲ್ಲ, ನಾಲಾಸೋಪಾರಾ ಎಂದರು ಇನ್ನೊಬ್ಬರು.

ಹೇಳಲು ನಾಚಿಕೆ.
ಮನೆಗೆ ಬಂದು ಬೀರು ತೆಗೆದು
ಅವಳು ಹೊಲಿದ ಐದೂ ಸೀರೆಗಳ ಫಾಲು
ಬ್ಲೇಡಿನಲ್ಲಿ ಬಿಚ್ಚಿದೆ, ಪತ್ರ ಒಡೆಯುವ ಅತ್ತೆಯ ಹಾಗೆ.
ನಾಲ್ಕರಲ್ಲಿ ಏನೂ ಇಲ್ಲ, ನನ್ನದೇ ಧೂಳು.
ಒಂದರಲ್ಲಿ, ಎಷ್ಟೋ ಒಗೆತಕ್ಕೆ ಮಾಸಿ,

"ಹತ್ತ ಮಿಂಟ ಬಂದರೂ ಸಾಕು ನೀ"

ಅಲ್ಲಿಂದ ಮುಂದೆ ಒಂದು ಅಕ್ಷರದಷ್ಟು ಕಲೆ,
ಕಲೆಯ ಪಕ್ಕ ಕೊಂಬು ಮಾತ್ರ ಉಳಿದಿದೆ.
ನೀನು ಎಂದು ಓದಿದೆ.
ನೀರು ಎಂದು ಓದಿದೆ.
ಕನ್ನಡಕ ಒರೆಸಿ ಮತ್ತೆ ಓದಿದೆ.
ಅವಳನ್ನು ಕೇಳಿದ್ದರೆ, ಎರಡಕ್ಕೂ ಏನ್ರೀ ಫರಕು
ಎನ್ನುತ್ತಿದ್ದಳೇನೋ. ಎನ್ನದೆಯೂ ಇರಬಹುದು.
ಆ ಚಾಳಿನಲ್ಲಿ ಹಂಡೆಗಾಗಿ ಜಡೆ ಹಿಡಿದವಳು ಅವಳು,
ಫರಕು ಗೊತ್ತಿದ್ದವಳು.

ಐದೂ ಫಾಲು ನಾನೇ ಹೊಲಿದೆ, ಸೊಟ್ಟ ಸೊಟ್ಟ.
ಏನೂ ಬರೆಯಲಿಲ್ಲ. ಗಂಟು ಹಾಕಿದೆ.

ನಮ್ಮ ನಲ್ಲಿಯ ಪಾಳಿ ಬೆಳಗಿನ ನಾಲ್ಕೂವರೆಗೆ.
ಬಿಂದಿಗೆ ಇಟ್ಟು ಕತ್ತಲಲ್ಲಿ ಕೂತಿರುತ್ತೇನೆ.
ಮೊದಲು ಗಾಳಿ ಬರುತ್ತದೆ,
ಕೊಳವೆಯ ಆ ತುದಿಯಲ್ಲಿ ಯಾರೋ
ಕರೆಯುವ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ.
ಎದ್ದು ನಿಲ್ಲುತ್ತೇನೆ.