ಬೂದಿಬೋರೆ, ಚೂರು ನಲವತ್ತೊಂದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಆಮೇಲೆ ಮಣ್ಣಿಗೆ ಎಷ್ಟು ಅಂತ
ಗಾದೆ ಹೇಳುವುದಿಲ್ಲ.
ಅದನ್ನು ಹುಡುಕಲಿಕ್ಕೆ ನನಗೆ ಸಂಬಳ:
ಗಂಗೋತ್ರಿಯ ಕೊನೆಯ ಕಟ್ಟಡ, ಒಂದು ಕಿಟಕಿ,
ಮಳವಳ್ಳಿ ಕಡೆಯಿಂದ ಬಂದ ಹದಿನೇಳು ಚೀಲ ಬೋಕಿ.

ಹೊರಗೆ ಕೆಂಪು, ಒಳಗೆ ಕಪ್ಪು,
ಬೋರಲು ಹಾಕಿ ಸುಟ್ಟದ್ದು.
ಅಂಚಿನ ಮೇಲೆ ಆಸಿಡ್ ಒಂದು ತೊಟ್ಟು.
ಕಿವಿ ಹತ್ತಿರ ಹಿಡಿದರೆ ಕೇಳುವಷ್ಟು ನೊರೆ.
ಆ ಸುಣ್ಣ ಕುಂಬಾರನದ್ದಲ್ಲ,
ಅವನ ಆವಗೆ ಅದನ್ನು ಉಳಿಸುತ್ತಿರಲಿಲ್ಲ.
ನೀರು ತಂದಿಟ್ಟದ್ದು, ಬಿರುಕು ಬಿರುಕಿಗೂ,
ಯಾರೂ ಕರೆಯದೆ ಬಂದು.
ಉಪ್ಪು ತಿಂದವರು ನೀರು ಕುಡಿಯಬೇಕು;
ಈ ಮಡಕೆ ನೀರು ಕುಡಿದು ಕುಡಿದೇ
ಉಪ್ಪು ತಿಂದದ್ದು.

ಅಂಚಿನಲ್ಲಿ ರಂಜಕವೂ ಸಿಕ್ಕಿತು, ಬೇಕಾದಷ್ಟು.
ಖುಷಿಯಲ್ಲಿ ಬರೆದುಬಿಟ್ಟೆ:
‘ಮೂಳೆಯ ಸಾರು ಬೇಯಿಸಿದ ಪಾತ್ರೆ ಇದ್ದೀತು.’
ಎರಡು ದಿನ ಆ ಸಾರಿನ ವಾಸನೆಯಲ್ಲೇ ಓಡಾಡಿದೆ,
ಹುರುಳಿ ಬಿದ್ದಿತ್ತೋ,
ಉಣ್ಣುವವರು ಎಷ್ಟು ಜನವೋ.
ಮೂರನೆಯ ದಿನ ಸಣ್ಣ ಬೈರಿಗೆ ಹಿಡಿದು
ಚೂರಿನ ಒಡಲು ಕೊರೆದೆ. ಉಗುರಿನಷ್ಟು ಪುಡಿ.
ರಂಜಕ ಅಲ್ಲಿ ಇಲ್ಲ ಅನ್ನುವಷ್ಟೇ ಇತ್ತು.

ಬಸ್ಸು ಹತ್ತಿ ಹೋದೆ.
ಬೋರೆ ಈಗ ಹೆಸರಿಗೆ ಬೋರೆ; ನಾಲೆ ಬಂದ ಮೇಲೆ ಕಬ್ಬು.
ಬದುವಿನ ಮೇಲೆ ಖಾಲಿ ಡಿಎಪಿ ಚೀಲಗಳು,
ಮಡಚಿ, ಹಾರದ ಹಾಗೆ ಕಲ್ಲು ಹೇರಿ.
‘ವರ್ಷಕ್ಕೆ ಎಷ್ಟು ಮೂಟೆ ಹಾಕ್ತಾರೆ?’
ಅಗೆತಕ್ಕೆ ಬರುತ್ತಿದ್ದ ಸಣ್ಣತಾಯಮ್ಮ ಕೈ ಚಾಚಿದರು:
‘ಲೆಕ್ಕ ಯಾಕ್ ಕೇಳೀರಿ, ನನ್ ಉಗುರ ಕೆರ್ಕೊಂಡೋಗಿ,
ಅದ್ರಲ್ಲೂ ಅದೇ ಸಿಕ್ತದೆ.’
ನಾನು ನಕ್ಕೆ. ಅವರು ನಗಲಿಲ್ಲ,
ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ವರದಿಯಿಂದ ಸಾರಿನ ಸಾಲು ಹೊಡೆದುಹಾಕಿದೆ.
ಯಾಕೋ ಹಸಿವಾಯಿತು.
ಉಳಿದದ್ದು ಇಷ್ಟು: ಒಡಲಲ್ಲಿ ಯಾವುದೋ ಕೆರೆಯ ಜೇಡಿ,
ಅದಕ್ಕೆ ಬೆರೆಸಿದ ಹೊಟ್ಟು
ಸುಟ್ಟುಹೋಗಿ ಬಿಟ್ಟ ತೂತು,
ತೂತಿನ ತುಂಬ, ಆಮೇಲಿನ ಸುಣ್ಣ.

ಪುಟದ ಅಡಿಗೆ ಇನ್ನೊಂದು ಟಿಪ್ಪಣಿ:
ಅಗೆದ ದಿನವೇ ಚೂರುಗಳನ್ನು
ನೀಲಿ ಬೇಸಿನ್ನಿನಲ್ಲಿ, ಬೋರ್‌ವೆಲ್ ನೀರಿನಲ್ಲಿ
ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯಲಾಗಿದೆ.
ಆ ನೀರಿನಲ್ಲಿ ಏನಿತ್ತೋ ನೋಡಿಲ್ಲ.
ತೊಳೆದವರು: ಸಣ್ಣತಾಯಮ್ಮ, ನಾನು.