ಮುಳ್ಳು ನಿಲ್ಲುವ ಮುನ್ನ

ಅವಳ ಲೆಕ್ಕಕ್ಕೆ ನಾನು ಕೊಟ್ಟದ್ದು ಖಾಲಿ ಜಾಗ.
ತಾರ್ತುವಿನ ಸಂಸ್ಥೆ, ಎರಡನೇ ಮಹಡಿ,
ಹೀಟರಿನ ಪಕ್ಕ ನನ್ನ ಮೇಜು;
ರಷ್ಯನ್ ಕೀಲಿಗಳ ಬೆರಳಚ್ಚು ಯಂತ್ರಕ್ಕೆ ಗ್ರೀಕ್ ಬಾರದು.
ಒಮೆಗಾ ಬರಬೇಕಾದಲ್ಲಿ ಎರಡು ಸಲ ಖಾಲಿ ಒತ್ತಿ
ಮುಂದೆ ಹೋಗುತ್ತಿದ್ದೆ.
ಸಂಜೆ ಹೆಲ್ವೆ ಕಾಲ್ಯುಸ್ತೆ ಬಂದು
ಕಪ್ಪು ಶಾಯಿಯಲ್ಲಿ ಒಂದೊಂದೇ ತೂತು ತುಂಬುತ್ತಿದ್ದಳು,
ಹಲ್ಲು ಬಿದ್ದ ಬಾಯಿಗೆ ಹಲ್ಲು ಕೂರಿಸುವವಳ ಹಾಗೆ.

ಏನಿದು ಎಂದು ಕೇಳಿದ್ದು ಒಂದೇ ಸಲ,
ಎಪ್ಪತ್ತೆರಡರ ಮಾರ್ಚಿನಲ್ಲಿ.
ಕೈಯ ಶಾಯಿ ಒರೆಸಿಕೊಳ್ಳದೆ ಹೇಳಿದಳು:
"ಅಪ್ಪ ಮಾರುಕಟ್ಟೆಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ.
ಮೀನಿನವರದ್ದು, ಉಣ್ಣೆಯವರದ್ದು,
ಔಷಧಿ ಅಂಗಡಿಯ ಕೂದಲೆಳೆ ತೂಗುವಂಥದ್ದು.
ಮುಳ್ಳು ನಿಂತ ಮೇಲೆ ಎಲ್ಲರೂ ನೋಡುತ್ತಾರೆ,
ನೀನು ನಿಲ್ಲುವ ಮುನ್ನ ನೋಡು ಅನ್ನುತ್ತಿದ್ದ.
ಎಷ್ಟು ನಡುಗಿತು, ಎಷ್ಟು ಬೇಗ ಸುಮ್ಮನಾಯಿತು,
ಅದರಲ್ಲೇ ಇದೆ ಭಾರದ ಗುಟ್ಟು.
ನಾನೂ ಅದನ್ನೇ ಮಾಡುತ್ತಿದ್ದೇನೆ, ಮೈಮು.
ತಟ್ಟೆ ಕಾಣುವುದಿಲ್ಲ, ಅಷ್ಟೇ."

ಬೆಳಕನ್ನೇ ನುಂಗಿ ನೀರು ಕುಡಿದ ಒಂದು ಕುಳಿಯಂತೆ,
ತಟ್ಟಿದರೆ ಕಂಚಿನ ಹಾಗೆ ಮಿಡಿದು
ಮರುಗಳಿಗೆ ಏನೂ ಆಗದಂತೆ ಕೂರುತ್ತದಂತೆ.
ಭಾರ ಹೆಚ್ಚಿದಷ್ಟೂ ದನಿ ತಗ್ಗಂತೆ.
ನಮ್ಮ ನಿರ್ದೇಶಕರು ಹಾಗಲ್ಲ ಅಂದೆ.
ಅವಳೂ ನಕ್ಕಳು,
ಮೊದಲು ಬಾಗಿಲ ಕಡೆ ನೋಡಿ.

ಎಪ್ಪತ್ತೆಂಟರಲ್ಲಿ ಲೇಖನ ಮಾಸ್ಕೋದಿಂದ ವಾಪಸು ಬಂತು.
ಪುಟ ಹನ್ನೊಂದು. ಒಂದು ಋಣಚಿಹ್ನೆ ಇಲ್ಲ.
ತಗ್ಗಬೇಕಾದ ಕಂಪನ ಬೆಳೆಯುತ್ತಲೇ ಹೋಗಿತ್ತು.
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು:
"ಈ ಕಾಮ್ರೇಡಿನ ಪ್ರಕಾರ ಒಂದು ಕಲ್ಲು ಬಿದ್ದರೆ ಸಾಕು,
ಬ್ರಹ್ಮಾಂಡ ಹರಿದು ಚಿಂದಿ."
ತಿದ್ದಿ, ಮೊಹರು ಹಾಕಿಸಿ, ಮತ್ತೆ ಸರದಿಯಲ್ಲಿ ನಿಂತು ಕಳಿಸುವಷ್ಟರಲ್ಲಿ
ಹದಿಮೂರು ತಿಂಗಳು. ಅಷ್ಟರೊಳಗೆ
ಗ್ರೀಕ್ ಕೀಲಿಗಳಿರುವ ಇನ್ಯಾವುದೋ ಊರಿನಲ್ಲಿ
ಇನ್ಯಾರೋ ಅದೇ ಸಂಖ್ಯೆ ಮುಟ್ಟಿದ್ದರು.

"ತಪ್ಪು ನನ್ನದೇ," ಎಂದಳು ಸಭೆಯಲ್ಲಿ, ಎದ್ದು ನಿಂತು.

ಒಮೆಗಾ, ಲ್ಯಾಂಬ್ಡಾ, ಅವೆಲ್ಲ ಅವಳ ಶಾಯಿಯವು.
ಋಣಚಿಹ್ನೆ ಬರೀ ಒಂದು ಗೀಟು.
ಗೀಟು ನನ್ನ ಯಂತ್ರದಲ್ಲಿತ್ತು.

ಆಮೇಲಿನದ್ದನ್ನು ಬೇಗ ಹೇಳಬಹುದು.
ರೂಬಲ್ಲು ಸತ್ತ ಚಳಿಗಾಲ ಕೈಗವಸು ತೊಟ್ಟೇ ಪಾಠ;
ಇಬ್ಬರು ಶಿಷ್ಯರು ತಾಮ್ರದ ತಂತಿ ಮಾರಲು ಹೋದರು, ಒಬ್ಬ ಉಳಿದ;
ಸಮೀಕರಣದ ಬೆನ್ನಿಗೆ ಆಲೂಗಡ್ಡೆ ಸಾಲುಗಳ ಲೆಕ್ಕ.
ನಿವೃತ್ತಿಯ ದಿನ ಗಡಿಯಾರ ಕೊಟ್ಟರು.
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು.
"ಯಾವ ಕುಳಿಯ ಪಕ್ಕ ಇಟ್ಟಿದ್ದರೋ," ಎನ್ನುತ್ತ
ಅಪ್ಪನ ಸಣ್ಣ ತಿರುಗುಳಿಯಿಂದ ಬಿಚ್ಚಿದಳು.

ಆ ಫೆಬ್ರವರಿ ಎಮಾಯಿಗಿ,
ತಾಯಿಹೊಳೆ ಅನ್ನುತ್ತೇವೆ ನಾವು, ದಡದಿಂದ ದಡಕ್ಕೆ ಗಟ್ಟಿಯಾಗಿತ್ತು.
ಅವಳ ಅಡುಗೆಮನೆಯ ರೇಡಿಯೋ ಹೇಳಿತು:
ಕೋಟಿಗಟ್ಟಲೆ ವರ್ಷಗಳಾಚೆ ಎರಡು ಕಪ್ಪುಕುಳಿ ಕೂಡಿ ಒಂದಾಗಿ
ಆಕಾಶ ಅದುರಿದ್ದು ಈಗ ನಮ್ಮಲ್ಲಿಗೆ ಬಂದು ಮುಟ್ಟಿದೆ.
ಆ ಅದುರನ್ನು ಸದ್ದಾಗಿಸಿ ಹಾಕಿದರು:
ಬಾವಿಗೆ ಕೊಡ ಬಿದ್ದಂತೆ ಒಂದು ಗುಳುಕ್.
ಇಷ್ಟೇನಾ, ಅಂದೆ.
ಹೆಲ್ವೆ ಬೆರಳೆತ್ತಿದಳು, ಇನ್ನೊಮ್ಮೆ ಹಾಕುವವರೆಗೂ ಇಳಿಸಲಿಲ್ಲ.
"ಕೊನೆಯಲ್ಲಿ ಒಂದು ಬಾಲವಿದೆ, ಕೇಳಿಸಿತಾ?
ಅದಷ್ಟು ನಮ್ಮದು."

ನಮ್ಮದು, ಅಂದಳು.

ನನ್ನ ಚೀಲದಲ್ಲಿ ಕಾರ್ಬನ್ ಪ್ರತಿ. ಪುಟ ಹನ್ನೊಂದು.
ಮೂವತ್ತೆಂಟು ವರ್ಷ, ಇದು ಎಷ್ಟನೆಯ ಸಲವೋ ತಂದದ್ದು.
ಇವತ್ತು ಹೊರಗೆ ತೆಗೆದೆ.
ತಿರುಗಿಯೂ ನೋಡದೆ ಹೇಳಿದಳು,
"ಇಟ್ಟುಕೋ. ಮೂಲ ನನ್ನ ಹತ್ತಿರವೇ ಇದೆಯಲ್ಲ."

ಆಲೂಗಡ್ಡೆ ಬೆಂದಿತ್ತು. ಒಲೆ ಆರಿಸಿದಳು.
ಪಾತ್ರೆಯ ಮುಚ್ಚಳ ಇನ್ನೂ ನಡುಗುತ್ತಿತ್ತು.
ಇಬ್ಬರೂ ಅದನ್ನೇ ನೋಡುತ್ತ ಕೂತೆವು.